ವಾಲ್ವ್ ಸೀಲ್ ಬದಲಾವಣೆ ಮತ್ತು ಟ್ಯಾಪೆಟ್ ಹೊಂದಾಣಿಕೆ

ಆಗುಂಬೆ ಘಾಟಿಯನ್ನು ಗೇರಿನಲ್ಲೇ ಇಳಿದು, ಸೋಮೇಶ್ವರದಲ್ಲಿ ಆಕ್ಸಿಲರೇಟರ್ ಒತ್ತಿದೊಡನೆ ಹಳೆಯ ಪೆಟ್ರೋಲ್ ಕಾರು ನೀಲಿ ಹೊಗೆ ಉಗುಳಿದರೆ ಮೊದಲು ವಾಲ್ವ್ ಸೀಲ್‌ಗಳನ್ನು, ಅಂದರೆ ವಾಲ್ವ್ ಕಾಂಡದ ಗುಂಟ ಆಯಿಲ್ ಸಿಲಿಂಡರಿಗೆ ಇಳಿಯದಂತೆ ತಡೆಯುವ ಪುಟ್ಟ ಟೋಪಿಗಳನ್ನು, ಅನುಮಾನಿಸಬೇಕು. ಪಿಸ್ಟನ್ ರಿಂಗ್ ಸವೆದಿದ್ದರೆ ಏರು ಹತ್ತುವಾಗಲೂ ಹೊಗೆ ಬರುತ್ತಲೇ ಇರುತ್ತದೆ.

ಅನೇಕ ಎಂಜಿನ್‌ಗಳಲ್ಲಿ ಸಿಲಿಂಡರ್‌ಗಳ ಮೇಲೆ ಕೂರುವ ಹೆಡ್ ಇಳಿಸದೆಯೇ ಸೀಲ್ ಬದಲಿಸಬಹುದು. ವಾಲ್ವ್‌ಗಳನ್ನು ಒತ್ತಿ ತೆರೆಯುವ ರಾಕರ್‌ಗಳನ್ನು ತೆಗೆದು, ಆಯಾ ಸಿಲಿಂಡರ್‌ನ ಪಿಸ್ಟನ್ ಅನ್ನು ಪೂರ್ತಿ ಮೇಲಕ್ಕೆ ತಂದು, ಕಾರನ್ನು ಗೇರಿನಲ್ಲಿರಿಸಿ ಹ್ಯಾಂಡ್‌ಬ್ರೇಕ್ ಎಳೆದ ಬಳಿಕ ಸ್ಪಾರ್ಕ್ ಪ್ಲಗ್ ರಂಧ್ರದ ಮೂಲಕ ಕಂಪ್ರೆಸರ್ ಗಾಳಿ ತುಂಬಿದರೆ ವಾಲ್ವ್ ಕೆಳಗೆ ಜಾರುವುದಿಲ್ಲ. ಮಲೆನಾಡಿನ ಮಳೆಗಾಲದಲ್ಲಿ ಕಂಪ್ರೆಸರ್ ಟ್ಯಾಂಕಿನಲ್ಲಿ ನೀರು ಬೇಗ ಸೇರುವುದರಿಂದ ಅದನ್ನು ಮೊದಲೇ ಹೊರಬಿಡಬೇಕು. ಆಯಿಲ್ ಇಳಿಯುವ ರಂಧ್ರಗಳಿಗೆ ಬಟ್ಟೆ ತುರುಕುವುದನ್ನು ಮರೆಯಬಾರದು. ವಾಲ್ವ್ ಸ್ಪ್ರಿಂಗನ್ನು ಹಿಡಿದಿಡುವ, ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಲಾಕ್ ಒಳಗೆ ಬಿದ್ದರೆ ಎಂಜಿನ್ ತಳದ ಆಯಿಲ್ ತೊಟ್ಟಿಯಾದ ಸಂಪ್ ಬಿಚ್ಚಬೇಕಾದೀತು. ಸ್ಪ್ರಿಂಗ್ ಅದುಮಿ, ಲಾಕ್‌ಗಳನ್ನು ಅಯಸ್ಕಾಂತದಿಂದ ಎತ್ತಿ, ಹಳೆಯ ಸೀಲ್ ಕಿತ್ತು, ಹೊಸದಕ್ಕೆ ಎಂಜಿನ್ ಆಯಿಲ್ ಸವರಿ ನೇರವಾಗಿ ಒತ್ತಿ ಕೂರಿಸಬೇಕು. ವಾಲ್ವ್ ಕಾಂಡದಲ್ಲಿ ಲಾಕ್ ಕೂರುವ ತೋಡಿನ ಅಂಚು ಸೀಲಿನ ತುಟಿಯನ್ನು ಸೀಳದಂತೆ ಮೊದಲು ಕಾಂಡಕ್ಕೆ ಪ್ಲಾಸ್ಟಿಕ್ ಕವಚ ತೊಡಿಸುವುದು ಉತ್ತಮ.

ಎಲ್ಲವನ್ನೂ ಮರಳಿ ಜೋಡಿಸಿದ ಮೇಲೆ, ಎಂಜಿನ್ ತಣ್ಣಗಿರುವಾಗ ಟ್ಯಾಪೆಟ್ ಅಂತರ, ಅಂದರೆ ರಾಕರ್ ಮತ್ತು ವಾಲ್ವ್ ತುದಿಯ ನಡುವಿನ ಸಂದು, ಹೊಂದಿಸಬೇಕು. ಅಳತೆಯನ್ನು ಕೈಪಿಡಿಯಿಂದಲೇ ಪಡೆಯಬೇಕು. ಹೊಗೆ ಹೊರಬಿಡುವ, ಹೆಚ್ಚು ಬಿಸಿಯಾಗುವ ಎಕ್ಸಾಸ್ಟ್ ವಾಲ್ವ್‌ಗೆ ಸಾಮಾನ್ಯವಾಗಿ ಅಂತರ ಹೆಚ್ಚು. ಸಂದು ಅಳೆಯುವ ತೆಳು ಲೋಹದ ಪಟ್ಟಿಯಾದ ಫೀಲರ್ ಗೇಜ್ ತುಸು ಹಿಡಿದು ಜಾರುವಂತೆ ರಾಕರ್‌ನ ಸ್ಕ್ರೂ ತಿರುಗಿಸಿ, ಲಾಕ್‌ನಟ್ ಬಿಗಿದ ಬಳಿಕ ಮತ್ತೆ ಅಳೆಯಬೇಕು, ಏಕೆಂದರೆ ಬಿಗಿಯುವಾಗ ಅಂತರ ಬದಲಾಗುತ್ತದೆ. ಟ್ಯಾಪೆಟ್ ಸದ್ದಡಗಿಸಲೆಂದು ತೀರಾ ಬಿಗಿ ಮಾಡಿದರೆ ವಾಲ್ವ್ ಪೂರ್ತಿ ಮುಚ್ಚದೆ ಸುಟ್ಟುಹೋಗುತ್ತದೆ.