ಜಗಲಿಯ ಮೇಲಿನ ಗಣಿತ: ಬೇರೆ ಬೇರೆ ವಯಸ್ಸಿನವರಿಗೆ ಮನೆಪಾಠ ಹೇಳುವ ಬಗೆ

ಶಿರಸಿಯ ನಮ್ಮ ಮನೆಯ ಜಗಲಿಯಲ್ಲಿ ಸಂಜೆ ಪಾಠಕ್ಕೆ ಕೂರುವವರಲ್ಲಿ ನಾಲ್ಕನೇ ತರಗತಿಯ ಮಗುವಿದೆ, ಎಸ್ಸೆಸ್ಸೆಲ್ಸಿ ಹುಡುಗರಿದ್ದಾರೆ, ಬ್ಯಾಂಕ್ ಪರೀಕ್ಷೆಗೆ ಓದುತ್ತಿರುವ ಪದವೀಧರರೂ ಇದ್ದಾರೆ. ಎಲ್ಲರಿಗೂ ನಾನು ಅಕ್ಕೋರು, ಅಂದರೆ ಟೀಚರ್. ಮನೆಪಾಠ ಶುರು ಮಾಡಬೇಕೆಂದಿರುವವರಿಗೆ ನಾನು ಹೇಳುವುದು ಇಷ್ಟೇ: ವಿದ್ಯಾರ್ಥಿ ಯಾವ ತರಗತಿಯಲ್ಲಿದ್ದಾನೆ ಎಂಬುದಕ್ಕಿಂತ ಅವನ ಲೆಕ್ಕ ಯಾವ ತರಗತಿಯಲ್ಲಿ ನಿಂತುಹೋಗಿದೆ ಎಂಬುದನ್ನು ಮೊದಲು ಹುಡುಕಿ. ವರ್ಗ ಸಮೀಕರಣ ಬರುವುದಿಲ್ಲ ಎಂದು ತಾಯಿ ಕರೆತಂದ ಹುಡುಗನಿಗೆ ಸೂತ್ರ ಬಾಯಿಪಾಠವಾಗಿರುತ್ತದೆ. ಮೈನಸ್ ಐದರಿಂದ ಮೂರು ಕಳೆಯಲು ಬರುವುದಿಲ್ಲ.

ಹಾಗಾಗಿ ಮೊದಲ ದಿನ ಪಠ್ಯಪುಸ್ತಕ ಬೇಡ. ನಾಲ್ಕೈದು ಚಿಕ್ಕ ಲೆಕ್ಕ ಕೊಟ್ಟು ಸುಮ್ಮನೆ ಪಕ್ಕದಲ್ಲಿ ಕುಳಿತುಕೊಳ್ಳಿ. ಉತ್ತರ ತಪ್ಪಾಯಿತು ಎನ್ನುವುದಕ್ಕಿಂತ ಹೇಗೆ ತಪ್ಪಾಯಿತು ಎನ್ನುವುದು ಮುಖ್ಯ. 7002ರಿಂದ 468 ಕಳೆದು 7466 ಎಂದು ಬರೆದ ಮಗು ಅಜಾಗರೂಕವಲ್ಲ; ಪ್ರತಿ ಸ್ಥಾನದಲ್ಲೂ ದೊಡ್ಡ ಅಂಕಿಯಿಂದ ಚಿಕ್ಕದನ್ನು ಶ್ರದ್ಧೆಯಿಂದ ಕಳೆದಿದೆ. ಅದಕ್ಕೆ ಬೇಕಾದದ್ದು ಸಾವಿರ, ನೂರು, ಹತ್ತುಗಳ ಪಾಠ, ‘ಸರಿಯಾಗಿ ನೋಡು’ ಎಂಬ ಗದರಿಕೆಯಲ್ಲ. ಅರ್ಧಕ್ಕೆ ಮೂರನೇ ಒಂದನ್ನು ಕೂಡಿಸಿ ಐದನೇ ಎರಡು ಎಂದವನನ್ನು ಕೇಳಿ: ‘ಅರ್ಧಕ್ಕೆ ಇನ್ನಷ್ಟು ಸೇರಿಸಿದ ಮೇಲೆ ಅರ್ಧಕ್ಕಿಂತ ಕಡಿಮೆ ಆಗುವುದುಂಟೇ?’ ಅವನೇ ತಲೆ ಕೆರೆದುಕೊಂಡು ಹಾಳೆಯನ್ನು ವಾಪಸ್ ಎಳೆದುಕೊಳ್ಳುತ್ತಾನೆ. ಆ ಗಳಿಗೆಯಲ್ಲಿ ನೀವು ಬಾಯಿ ಹಾಕಬೇಡಿ. ಛೇದ, ಲಸಾಅ (ಲಘುತ್ತಮ ಸಾಮಾನ್ಯ ಅಪವರ್ತ್ಯ) ಎಲ್ಲ ಆಮೇಲೆ.

ಎಲ್ಲ ವಯಸ್ಸಿನವರೂ ಒಟ್ಟಿಗೆ ಕುಳಿತಾಗ ಒಬ್ಬೊಬ್ಬರಿಗೂ ಬೇರೆ ಪಾಠ ಹೇಳಹೊರಟರೆ ಯಾರಿಗೂ ಮುಟ್ಟುವುದಿಲ್ಲ. ಒಂದೇ ವಿಷಯವನ್ನು ಎಲ್ಲರಿಗೂ ಹಂಚುವುದು ನನ್ನ ಕ್ರಮ. ನಮ್ಮ ಕಡೆ ಅದಕ್ಕೆ ತೋಟಕ್ಕಿಂತ ಒಳ್ಳೆಯ ಸಾಮಗ್ರಿ ಬೇರೆ ಇಲ್ಲ. ಒಂದು ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲದ ಚೌಕ. ಚಿಕ್ಕ ಮಗು 33ನ್ನು 33ರಿಂದ ಗುಣಿಸಿ 1089 ಚದರ ಅಡಿ ಎಂದು ಹೇಳಲಿ. ಎಂಟನೆಯವಳು ಅದೇ ಚೌಕದ ಚಿತ್ರ ಬರೆದು ಪ್ರತಿ ಬದಿಯನ್ನು 30 ಮತ್ತು 3 ಎಂದು ಒಡೆಯಲಿ: ಒಳಗೆ 900, 90, 90, 9 ಎಂಬ ನಾಲ್ಕು ತುಂಡು. (a+b)² ಬಿಡಿಸುವಾಗ 2ab ಮರೆಯುವವರಿಗೆ ಆ ಎರಡು ತೊಂಬತ್ತುಗಳನ್ನು ಬೆರಳಿಟ್ಟು ತೋರಿಸಿ. ಅವನ್ನು ಬಿಟ್ಟರೆ ತೋಟದಲ್ಲಿ 180 ಚದರ ಅಡಿ ಜಾಗ ಕಾಣೆಯಾಗುತ್ತದೆ. ಹತ್ತನೆಯವನಿಗೆ ಅದೇ ಗುಂಟೆಯನ್ನು ಉದ್ದ ಪಟ್ಟಿಯಾಗಿ ಕೊಡಿ: ಉದ್ದ ಅಗಲಕ್ಕಿಂತ 88 ಅಡಿ ಹೆಚ್ಚು, ಅಗಲ ಎಷ್ಟು? ಸಮೀಕರಣ ಬಿಡಿಸಿದರೆ 11 ಮತ್ತು ಮೈನಸ್ 99 ಬರುತ್ತವೆ. ಮೈನಸ್ 99 ಏಕೆ ಬೇಡ ಎಂದು ಅವನೇ ವಾಕ್ಯದಲ್ಲಿ ಬರೆಯಬೇಕು. ಬ್ಯಾಂಕ್ ಪರೀಕ್ಷೆಯವರಿಗೆ ಕಾಗದ ಮುಟ್ಟದ ಲೆಕ್ಕ: 40 ಗುಂಟೆ ಒಂದು ಎಕರೆ, ಅಂದರೆ 43,560 ಚದರ ಅಡಿ. ಒಂಬತ್ತು ಅಡಿ ಅಂತರದಲ್ಲಿ ಅಡಿಕೆ ಸಸಿ ನೆಟ್ಟರೆ ಒಂದು ಸಸಿಗೆ 81 ಚದರ ಅಡಿ. ಎಕರೆಗೆ ಸುಮಾರು 540. ಒಂದೂವರೆ ಎಕರೆಗೆ 810. ನೂರಕ್ಕೆ ಹತ್ತು ಒಣಗಿದರೆ 81 ಹೊಸ ಸಸಿ ತರಬೇಕು. ಇಂಥ ಅಂದಾಜು ಕೂಡಲೇ ಹೊಳೆಯುವುದು ಅಭ್ಯಾಸದಿಂದ ಮಾತ್ರ. ಚಿಕ್ಕವರು ದೊಡ್ಡವರ ಲೆಕ್ಕ ಕಿವಿಗೆ ಬಿದ್ದು ಕಲಿಯುವುದು ಇದರ ಇನ್ನೊಂದು ಲಾಭ.

ದೊಡ್ಡವರ ವಿಷಯದಲ್ಲಿ ಒಂದು ಎಚ್ಚರ ಬೇಕು. ಭಿನ್ನರಾಶಿಯಲ್ಲಿ ತಪ್ಪಿದ ಮೂವತ್ತರ ಆಸುಪಾಸಿನವರನ್ನು ಮಕ್ಕಳೆದುರು ತಿದ್ದಬೇಡಿ. ‘ನೀವು ಸ್ವಲ್ಪ ಕುಳಿತಿರಿ’ ಎಂದು ಹೇಳಿ, ಮಕ್ಕಳು ಹೊರಟ ಮೇಲೆ ಆ ಲೆಕ್ಕ ತೆಗೆಯಿರಿ. ಗಣಿತಕ್ಕೆ ಹೆದರಿ ವರ್ಷಗಳ ನಂತರ ಮತ್ತೆ ಬಂದವರು ಅವರು. ಆ ಧೈರ್ಯಕ್ಕೆ ಮರ್ಯಾದೆ ಸಲ್ಲಲೇಬೇಕು.

ಎಸ್ಸೆಸ್ಸೆಲ್ಸಿಯಲ್ಲಿ ಗಣಿತದ ಲಿಖಿತ ಪರೀಕ್ಷೆ 80 ಅಂಕಕ್ಕೆ, ಆಂತರಿಕ ಮೌಲ್ಯಮಾಪನ 20ಕ್ಕೆ. ಪಾಸಾಗುವುದೇ ಕಷ್ಟ ಎನ್ನುವ ಹುಡುಗನಿಗೆ ಇಡೀ ಪುಸ್ತಕ ಹೇರಬೇಡಿ. ಜೋಡಿ ಸಮೀಕರಣಗಳ ನಕ್ಷೆ, ಸರಾಸರಿ ಮತ್ತು ಮಧ್ಯಾಂಕ, ಥೇಲ್ಸ್ ಪ್ರಮೇಯ ಇವು ಕೈಗೆ ಹತ್ತಿದರೆ ಉಳಿದದ್ದಕ್ಕೆ ಅವನೇ ಮನಸ್ಸು ಮಾಡುತ್ತಾನೆ.

ವೇಳೆಯನ್ನು ಬಸ್ ನೋಡಿಯೇ ಇಡಿ. ಬನವಾಸಿ, ಹುಲೇಕಲ್ ಕಡೆಯ ಮಕ್ಕಳಿಗೆ ಸಂಜೆಯ ಬಸ್ ತಪ್ಪಿದರೆ ಮನೆಯವರು ಮಳೆಯಲ್ಲಿ ಬೈಕ್ ತೆಗೆಯಬೇಕಾಗುತ್ತದೆ. ಆಷಾಢದ ಮಳೆಗೆ ಕರೆಂಟ್ ಹೋಗುವುದು ಮಾಮೂಲು. ಚಾರ್ಜ್ ಮಾಡಿದ ದೀಪ ಹತ್ತಿರವಿರಲಿ, ಆ ದಿನ ಮಗ್ಗಿ ಮತ್ತು ಬಾಯಿಲೆಕ್ಕ ನಡೆಯಲಿ.

ನೀವು ಶಾಲಾ ಶಿಕ್ಷಕರಾಗಿದ್ದರೆ ಈ ಕೆಲಸಕ್ಕೆ ಇಳಿಯುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 28ನೇ ಕಲಂ ಶಿಕ್ಷಕರು ಖಾಸಗಿ ಪಾಠ ಹೇಳುವುದನ್ನು ನಿಷೇಧಿಸಿದೆ. ಉಳಿದವರು ಶುಲ್ಕವನ್ನು ಮೊದಲೇ ಬಾಯಿಬಿಟ್ಟು ಹೇಳಿ. ಅಡಿಕೆ ಮಾರಿದ ಮೇಲೆ ಕೊಡುತ್ತೇವೆ ಎನ್ನುವ ಮನೆಗಳಿಗೆ ನಾನು ಒಪ್ಪುತ್ತೇನೆ, ಆದರೆ ಪುಸ್ತಕದಲ್ಲಿ ಬರೆದಿಡುತ್ತೇನೆ. ತಂದೆತಾಯಿಗಳು ಎಷ್ಟು ಅಂಕ ಬಂತು ಎಂದು ಕೇಳಲು ಬಂದಾಗ ಅಂಕಪಟ್ಟಿಯ ಬದಲು ಶಾಲೆಯ ಕಿರುಪರೀಕ್ಷೆಯ ಉತ್ತರಪತ್ರಿಕೆ ತರಲು ಹೇಳಿ. ಮಗುವನ್ನೂ ಕೂರಿಸಿಕೊಂಡು, ಹಿಂದೆ ತಪ್ಪುತ್ತಿದ್ದ ಮೈನಸ್ ಈ ಸಲ ಎಲ್ಲೆಲ್ಲಿ ಸರಿಯಾಗಿದೆ ಎಂದು ಅವರಿಗೆ ತೋರಿಸಿ.