ಎರರ್ 13: ಪಾಸ್‌ವರ್ಡ್ ಸರಿ ಇದ್ದರೂ ಶೇರ್ ಮೌಂಟ್ ಆಗದಿದ್ದಾಗ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಪೋರ್ಟ್ ಮುಗಿಯಿತಲ್ಲ, ಆಗ ಧಾರವಾಡದ ಒಂದು ವಕೀಲರ ಆಫೀಸಿನ ಕೆಲಸ ನನಗೆ ಬಂತು. ಏಳೆಂಟು ಪಿಸಿ, ಎಲ್ಲಾ ಇಂಟೆಲ್ ನಾಲ್ಕನೇ ಜನರೇಷನ್ನಿನ ಹಳೇ ಪ್ರಾಸೆಸರಿನವು. ವಿಂಡೋಸ್ 11 ಅವುಗಳಿಗೆ ಹತ್ತುವುದಿಲ್ಲ. ಮಷೀನ್ ಸಪ್ಲೈ ಮಾಡುವವರ ಕೊಟೇಶನ್ ಮೂರು ಲಕ್ಷದ ಹತ್ತಿರ ಇತ್ತು. ಎಸ್‌ಎಸ್‌ಡಿ ಬದಲಿಸಿ, ವಿಂಡೋಸ್ ಬದಲು ಪುಕ್ಕಟೆ ಸಿಗೋ ಲಿನಕ್ಸ್ ಮಿಂಟ್ ಹಾಕಿಕೊಡ್ತೀನಿ, ಪಿಸಿಗೆ ಎರಡು ಸಾವಿರದ ಆಸುಪಾಸು ಸಾಮಾನು, ನನ್ನ ಕೂಲಿ ಬೇರೆ ಅಂದೆ. ಫೈಲ್ ಇಡೋಕೆ ಮಾತ್ರ ಒಂದು ಹೊಸ ವಿಂಡೋಸ್ 11 ಪ್ರೊ ಮಷೀನು. "ಶೇರ್ ಫೋಲ್ಡರ್ ನಿಲ್ಲೂದಿಲ್ಲ ನೋಡ್ರಿ, ವಾರದಾಗ ನಮ್ಮ ಕಡೆನ ಬರ್ತೀರಿ" ಅಂತ ಸಪ್ಲೈಯರ್ ವಕೀಲ ಸಾಹೇಬರಿಗೆ ಹೇಳಿ ಹೋಗಿದ್ದ.

ಮೊದಲ ವಾರ ಅವನ ಮಾತೇ ನಿಜ ಆಗುವ ಹಾಗಿತ್ತು. ಬೆಳಿಗ್ಗೆ ಲಿನಕ್ಸ್ ಪಿಸಿಗಳಲ್ಲಿ ಶೇರ್ ಮೌಂಟ್ ಆಗುತ್ತೆ, ಅಂದ್ರೆ ಸರ್ವರ್‌ನ ಫೋಲ್ಡರ್ ಪಿಸಿಗೆ ಜೋಡಣೆಯಾಗಿ ಸಿಗುತ್ತೆ. ಹನ್ನೊಂದರ ಹೊತ್ತಿಗೆ ಮೌಂಟ್ ಎರರ್ 13, ಪರ್ಮಿಷನ್ ಡಿನೈಡ್. ಚಹಾ ಕುಡಿದು ಬಂದರೆ ಮತ್ತೆ ಸರಿ. "ಏನ್ರೀ, ಪಾಸ್‌ವರ್ಡ್ ಸರಿ ಐತಿ ಅಂತೀರಿ, ಒಳಗ ಬಿಡವಲ್ದಲ್ಲ" ಅಂತ ಸಾಹೇಬ್ರು. ಅವತ್ತು ಹೈಕೋರ್ಟಿನಲ್ಲಿ ಅವರ ಕೇಸ್ ಬೋರ್ಡಿಗೆ ಬಂದಿತ್ತು, ಫೈಲ್ ಶೇರ್‌ನಲ್ಲಿ ಸಿಕ್ಕಿಕೊಂಡಿತ್ತು.

ಎಲ್ಲರೂ ಮಾಡೋದನ್ನೇ ನಾನೂ ಮಾಡಿದೆ. ಫೈಲ್ ಹಂಚೋಕೆ ವಿಂಡೋಸ್ ಬಳಸೋ ಎಸ್‌ಎಂಬಿ ಪ್ರೋಟೋಕಾಲಿನ ವರ್ಷನ್ 2.1 ಕೊಟ್ಟೆ, 3.0 ಕೊಟ್ಟೆ, 3.1.1 ಕೊಟ್ಟೆ. ಡೊಮೇನ್ ಜಾಗದಲ್ಲಿ ಸರ್ವರ್ ಹೆಸರು ಹಾಕಿದೆ. ಫೈರ್‌ವಾಲ್ ಆಫ್ ಮಾಡಿ ನೋಡಿದೆ. ಏನೂ ಇಲ್ಲ. ಲಿನಕ್ಸ್‌ನ ಕರ್ನಲ್ ಲಾಗ್‌ನಲ್ಲೂ ಲಾಗಾನ್ ಫೇಲ್ಯೂರ್ (ಒಳಗೆ ಹೋಗೋಕೆ ಆಗಲಿಲ್ಲ) ಅಂತ ಅಷ್ಟೇ. ಎರರ್ 13 ಅನ್ನೋದು ಒಂಥರಾ ಸರ್ಕಾರಿ ಆಫೀಸಿನ "ನಾಳೆ ಬನ್ನಿ" ಇದ್ದ ಹಾಗೆ, ಕಾರಣ ಏನೇ ಇದ್ದರೂ ಉತ್ತರ ಅದೇ.

ಆಮೇಲೆ ಲಿನಕ್ಸ್ ಕಡೆ ನೋಡೋದನ್ನೇ ಬಿಟ್ಟೆ. ಬಾಗಿಲು ಹಾಕಿದ್ದು ಸರ್ವರ್, ಕಾರಣ ಗೊತ್ತಿರೋದೂ ಅದಕ್ಕೇ ಅಲ್ವಾ? ವಿಂಡೋಸ್ ಮಷೀನಿನಲ್ಲಿ ಆಡಿಟ್‌ಪೋಲ್ ಕಮಾಂಡಿನಿಂದ ಲಾಗಾನ್ ಫೇಲ್ಯೂರ್ ಆಡಿಟ್ ಆನ್ ಮಾಡಿದೆ, ಅಂದ್ರೆ ಪ್ರತಿ ವಿಫಲ ಲಾಗಾನ್ ದಾಖಲಾಗೋ ಹಾಗೆ. ಈವೆಂಟ್ ವ್ಯೂವರ್‌ನ ಸೆಕ್ಯುರಿಟಿ ಲಾಗ್‌ನಲ್ಲಿ ಈವೆಂಟ್ 4625 (ವಿಫಲ ಲಾಗಾನ್‌ನ ನಂಬರು) ಹುಡುಕಿದೆ. ಅದರಲ್ಲಿ ಸಬ್ ಸ್ಟೇಟಸ್ ಅಂತ ಒಂದು ಸಾಲು ಇರುತ್ತೆ. ಕೊನೆಗೆ 64 ಇದ್ದರೆ ಆ ಹೆಸರಿನ ಯೂಸರ್ರೇ ಇಲ್ಲ. 6ಎ ಇದ್ದರೆ ಪಾಸ್‌ವರ್ಡ್ ತಪ್ಪು. ನಮ್ಮದರಲ್ಲಿ ಸಾಲು ಸಾಲು 6ಎ, ಆಮೇಲೆ 234. ಅಂದ್ರೆ ಅಕೌಂಟ್ ಲಾಕ್!

ಹೊಸದಾಗಿ ಇನ್‌ಸ್ಟಾಲ್ ಆದ ವಿಂಡೋಸ್ 11ರಲ್ಲಿ 10 ಸಲ ಪಾಸ್‌ವರ್ಡ್ ತಪ್ಪಿದರೆ 10 ನಿಮಿಷ ಲಾಕ್, ಇದು ಡಿಫಾಲ್ಟ್. ಆ ಹತ್ತು ನಿಮಿಷ ಸರಿಯಾದ ಪಾಸ್‌ವರ್ಡ್‌ಗೂ ಬೆಲೆ ಇಲ್ಲ. ಆಫೀಸಿನಲ್ಲಿ ಎಲ್ಲಾ ಪಿಸಿಗೂ ಒಂದೇ ಅಕೌಂಟ್ ಇತ್ತು. ಯಾವುದೋ ಒಂದು ಪಿಸಿ ತಪ್ಪು ಪಾಸ್‌ವರ್ಡ್ ಕೊಟ್ಟು ಎಲ್ಲರನ್ನೂ ಹೊರಗೆ ನಿಲ್ಲಿಸುತ್ತಿತ್ತು. ಯಾವ ಪಿಸಿ ಅಂತ 4625ರಲ್ಲೇ ಐಪಿ ಸಿಕ್ಕಿತು. ಗುಮಾಸ್ತರ ಮೇಜಿನದು.

ಶೇರ್‌ನ ಪಾಸ್‌ವರ್ಡ್ ಬರೆದಿಡೋ ಅದರ ಕ್ರೆಡೆನ್ಶಿಯಲ್ಸ್ ಫೈಲ್ ತೆಗೆದು ನೋಡಿದರೆ ಒಂದಕ್ಷರವೂ ತಪ್ಪಿಲ್ಲ. ಫೈಲ್ ತೋರಿಸೋ ಕ್ಯಾಟ್ ಕಮಾಂಡಿಗೆ ದೊಡ್ಡ ಎ ಆಪ್ಷನ್ ಕೊಟ್ಟೆ, ಕಾಣದ ಅಕ್ಷರಗಳೂ ಕಾಣಲಿ ಅಂತ. ಪಾಸ್‌ವರ್ಡ್ ಸಾಲಿನ ಕೊನೆಗೆ ಬರೀ $ ಇರಬೇಕಾದಲ್ಲಿ ^ಎಂ$ ಕೂತಿದೆ, ^ಎಂ ಅನ್ನೋದು ವಿಂಡೋಸ್ ಸಾಲು ಮುಗಿಸುವಾಗ ಹಾಕೋ ಗುರುತು. ಯಾರೋ ಆ ಪಾಸ್‌ವರ್ಡ್ ಸಾಲನ್ನು ವಿಂಡೋಸ್‌ನ ನೋಟ್‌ಪ್ಯಾಡ್‌ನಲ್ಲಿ ಬರೆದು ಪೆನ್‌ಡ್ರೈವ್‌ನಲ್ಲಿ ತಂದು ಹಾಕಿದ್ದರು. ಕಣ್ಣಿಗೆ ಕಾಣದ ಆ ಅಕ್ಷರವೂ ಪಾಸ್‌ವರ್ಡಿಗೆ ಅಂಟಿಕೊಂಡು ಹೋಗುತ್ತಿತ್ತು. ಗುಮಾಸ್ತರು ಹತ್ತೂವರೆಗೆ ಬಂದು ಫೋಲ್ಡರ್ ಮೇಲೆ ಕ್ಲಿಕ್ ಮಾಡ್ತಾ ಕೂರೋರು. ಫೋಲ್ಡರ್ ತೆರೆದಾಗಲೇ ಶೇರ್ ಜೋಡಿಸೋ ಆಟೋಮೌಂಟ್ ಇದ್ದಿದ್ದರಿಂದ ಪ್ರತಿ ಕ್ಲಿಕ್ಕಿಗೂ ಒಂದು ತಪ್ಪು. ಬೇರೆ ಪಿಸಿಗಳಲ್ಲಿ ಶೇರ್ ಬಳಸದೆ ಇದ್ದಾಗ ಅದು ಐಡಲ್ ಟೈಮ್‌ಔಟ್ ಆಗಿ ಕಳಚಿ, ಮತ್ತೆ ಮೌಂಟ್ ಆಗೋ ಹೊತ್ತಿಗೆ ಅಕೌಂಟ್ ಲಾಕ್.

ಆ ಗುರುತು ತೆಗೆಯೋ ಡಾಸ್‌ಟುಯುನಿಕ್ಸ್ ಓಡಿಸಿದೆ, ಫೈಲನ್ನು ಅದರ ಮಾಲೀಕನಷ್ಟೇ ಓದೋ ಹಾಗೆ 600 ಪರ್ಮಿಷನ್ ಕೊಟ್ಟೆ. ಮುಖ್ಯವಾಗಿ ಸರ್ವರ್‌ನಲ್ಲಿ ಪಿಸಿಗೊಂದು ಲೋಕಲ್ ಅಕೌಂಟ್ ಮಾಡಿದೆ, ಒಂದು ಲಾಕ್ ಆದರೂ ಉಳಿದವು ನಿಲ್ಲದ ಹಾಗೆ. ಲಾಕ್ ಪಾಲಿಸಿ ತೆಗೆದುಬಿಡಿ ಅಂತ ಕೆಲವರು ಹೇಳಿದರು, ಕಕ್ಷಿದಾರರ ಕಾಗದ ಇರೋ ಜಾಗದಲ್ಲಿ ನಾನಂತೂ ತೆಗೆಯಲ್ಲ. ಅಷ್ಟೂ ಪಿಸಿಗಳ ಪಾಸ್‌ವರ್ಡ್‌ನ ಒಂದೇ ಸಲಕ್ಕೆ ಬದಲಿಸೋ ಸ್ಕ್ರಿಪ್ಟ್ ಬರೆದಿದ್ದೀನಿ. ಅದು ನನ್ನ ಹತ್ತಿರವೇ ಇರಲಿ, ಹೊಟ್ಟೆಪಾಡು ಸ್ವಾಮಿ.

ನಡುವೆ ಸುಮ್ನೆ ಒಂದು ರಾಸ್‌ಬೆರಿ ಪೈ ಅನ್ನೋ ಅಂಗೈಯಷ್ಟು ಕಂಪ್ಯೂಟರ್ ಮೇಲೆ ಸಾಂಬಾ (ಲಿನಕ್ಸ್‌ನಿಂದ ಫೋಲ್ಡರ್ ಶೇರ್ ಮಾಡೋ ಸಾಫ್ಟ್‌ವೇರ್) ಹಾಕಿ ನೋಡಿದ್ದೆ. ಅಲ್ಲೂ ಎರರ್ 13. ಲಿನಕ್ಸ್ ಯೂಸರ್ ಮಾಡಿದರೆ ಸಾಲದು, ಸಾಂಬಾಗೆ ಬೇರೆ ಪಾಸ್‌ವರ್ಡ್ ಸೇರಿಸಬೇಕು. ಸೇರಿಸಿದ ಮೇಲೆ ಚೆನ್ನಾಗೇ ಓಡಿತು. ಸಾಹೇಬರಿಗೆ ಮಾತ್ರ ಅಷ್ಟು ಚಿಕ್ಕ ಡಬ್ಬಿ ಮೇಲೆ ನಂಬಿಕೆ ಬರಲಿಲ್ಲ.

ಹೊಸ ವಿಂಡೋಸ್ ಮಷೀನು ಬಿಟ್ಟು ಒಟ್ಟು ಖರ್ಚು ಮೂವತ್ತು ಸಾವಿರದ ಒಳಗೇ ಮುಗಿಯಿತು, ನನ್ನ ಕೂಲಿಯೂ ಸೇರಿ. ತಿಂಗಳುಗಟ್ಟಲೆ ಆಯ್ತು, ಸಪ್ಲೈಯರ್ ಕಡೆ ಯಾರೂ ಹೋಗಿಲ್ಲ. ಹಳೇ ಸ್ಕ್ಯಾನರ್ ಒಂದು ಉಳಿದಿದೆ, ಅದಕ್ಕೆ ಎಸ್‌ಎಂಬಿ 1 ಬಿಟ್ಟರೆ ಬೇರೆ ಬರಲ್ಲ. ಅದಕ್ಕೋಸ್ಕರ ಸರ್ವರ್‌ನಲ್ಲಿ ಭದ್ರತೆ ಇಲ್ಲದ ಆ ಹಳೇ ಎಸ್‌ಎಂಬಿ 1 ಆನ್ ಮಾಡಲ್ಲ ಅಂದೆ. ಸದ್ಯಕ್ಕೆ ಅದು ಒಂದು ಲಿನಕ್ಸ್ ಪಿಸಿಗೆ ಎಫ್‌ಟಿಪಿಯಲ್ಲಿ ಕಳಿಸುತ್ತೆ, ಅಲ್ಲಿಂದ ಕ್ರಾನ್ (ಹೊತ್ತು ಹೊತ್ತಿಗೆ ತಾನೇ ಕೆಲಸ ಮಾಡೋ ಲಿನಕ್ಸ್ ಸೌಲಭ್ಯ) ಎತ್ತಿ ಶೇರ್‌ಗೆ ಹಾಕುತ್ತೆ.