ಬಾಲವಿಲ್ಲದ ವಾನರನ ಹಾಡು ಹುಡುಕಿಕೊಂಡು

ನಾನು ಸಾಗರದ ಕಡೆಯವನು. ಶರಾವತಿ ಕಣಿವೆಯಲ್ಲಿ ಸಿಂಗಳೀಕ ನೋಡುತ್ತಾ ಬೆಳೆದವನು. ಹಾಗಾಗಿ ಮರದ ಮೇಲಿನ ಪ್ರಾಣಿ ಹುಡುಕುವುದು ನನಗೆ ಗೊತ್ತು ಅಂತಲೇ ಅಂದುಕೊಂಡು ಅಸ್ಸಾಮಿಗೆ ಹೋದೆ. ನೋಡಬೇಕಿದ್ದದ್ದು ಹೂಲಾಕ್ ಗಿಬ್ಬನ್. ಇದು ಕೋತಿ ಅಲ್ಲ. ಬಾಲ ಇಲ್ಲ. ಚಿಂಪಾಂಜಿ, ಗೊರಿಲ್ಲಾ, ಒರಾಂಗುಟಾನ್‌ಗಳ ಸಾಲಿಗೆ ಸೇರಿದ್ದು. ನಮ್ಮ ದೇಶದ ಕಾಡುಗಳಲ್ಲಿ ಇರುವ ಇಂಥ ಬಾಲವಿಲ್ಲದ ವಾನರ (ಇಂಗ್ಲಿಷಿನಲ್ಲಿ 'ಏಪ್') ಅಂದರೆ ಗಿಬ್ಬನ್ ಮಾತ್ರ.

ಜೋರ್ಹಾಟ್ ಹತ್ತಿರದ ಹೊಲ್ಲೊಂಗಾಪಾರ್ ಗಿಬ್ಬನ್ ಅಭಯಾರಣ್ಯ ತುಂಬ ಚಿಕ್ಕದು, 21 ಚದರ ಕಿಲೋಮೀಟರ್ ಕೂಡ ಇಲ್ಲ. 1997ರಲ್ಲಿ ಅಭಯಾರಣ್ಯ ಆಯಿತು. ಸುತ್ತ ಚಹಾ ತೋಟ, ಹಳ್ಳಿ. ನಮ್ಮಲ್ಲಿ ಅಡಿಕೆ ತೋಟ ದಾಟಿದ ಕೂಡಲೇ ಸೊಪ್ಪಿನಬೆಟ್ಟ ಶುರುವಾಗುತ್ತಲ್ಲ, ಇಲ್ಲಿ ಹಾಗೆ ಚಹಾ ತೋಟದ ಅಂಚಿನಲ್ಲೇ ಮಳೆಕಾಡು ಎದ್ದು ನಿಂತಿದೆ. ಎತ್ತರದವೆಲ್ಲ ಹೊಲ್ಲೊಂಗ್ ಮರಗಳು. ಕಾಡಿನ ಹೆಸರೂ ಅದರಿಂದಲೇ ಬಂದದ್ದು. ಅವುಗಳ ಕೆಳಗೆ ನಾಹೋರ್ ಮರಗಳು ಕೆಂಪು ಚಿಗುರು ಬಿಟ್ಟಿದ್ದವು. ಹತ್ತಿರ ಹೋಗಿ ನೋಡಿದರೆ ನಮ್ಮ ನಾಗಸಂಪಿಗೆ! ಊರಿನವರನ್ನು ಕಂಡಷ್ಟು ಖುಷಿಯಾಯಿತು.

ಮೊದಲ ದಿನ ಕೆಟ್ಟಿತು. ತಪ್ಪು ನನ್ನದೇ. ತಿಂಡಿ ಮುಗಿಸಿ ಹತ್ತು ಗಂಟೆಗೆ ಮೇಲೆಂಗ್ ಗೇಟಿಗೆ ಹೋದೆ. ಅಲ್ಲಿ ಹೆಸರು ಬರೆಸಿ, ಶುಲ್ಕ ಕಟ್ಟಿದರೆ ಕೋವಿ ಹಿಡಿದ ಒಬ್ಬ ಕಾವಲುಗಾರರನ್ನು ಜೊತೆಗೆ ಕೊಡುತ್ತಾರೆ. ಕೋವಿ ಆನೆಗೆ ಹೆದರಿಕೆ ಹಾಕಲಿಕ್ಕೆ. ಮೂರು ಗಂಟೆ ತಿರುಗಿದೆವು. ಒಂದು ಕರಿ ಅಳಿಲು ಸಿಕ್ಕಿತು, ನಮ್ಮ ಕೆಂದಳಿಲಿನಷ್ಟೇ ದೊಡ್ಡದು. ಗಿಬ್ಬನ್ ಸುಳಿವಿಲ್ಲ.

"ದಾದಾ, ಎಲ್ಲಿ ಹೋದವು?" ಅಂತ ನನ್ನ ಹರಕು ಹಿಂದಿಯಲ್ಲಿ ಕೇಳಿದೆ.

"ಎಲ್ಲೂ ಹೋಗಿಲ್ಲ ಬಾಬು, ಇಲ್ಲೇ ಇವೆ. ಸುಮ್ಮನಾಗಿವೆ ಅಷ್ಟೆ. ಹಾಡುವ ಹೊತ್ತಿಗೆ ನೀವು ಮಲಗಿದ್ರಿ" ಅಂದರು.

ಆ ಮಾತು ನನ್ನ ಪೂರ್ತಿ ಲೆಕ್ಕಾಚಾರ ಬದಲಾಯಿಸಿತು. ಸಿಂಗಳೀಕ ಹುಡುಕುವಾಗ ನಾನು ಅಲುಗಾಡುವ ಕೊಂಬೆ ನೋಡುತ್ತೇನೆ, ಕೆಳಗೆ ಬಿದ್ದ ಹಣ್ಣಿನ ಸಿಪ್ಪೆ ನೋಡುತ್ತೇನೆ. ಗಿಬ್ಬನ್ ಹುಡುಕಲಿಕ್ಕೆ ಕಣ್ಣಿಗಿಂತ ಕಿವಿ ಮುಖ್ಯ. ಬೆಳಗ್ಗೆ ಗಂಡು ಹೆಣ್ಣು ಜೋಡಿಯಾಗಿ ಕೂಗುತ್ತವೆ, ಈ ಜಾಗ ನಮ್ಮದು ಅಂತ ಪಕ್ಕದ ಸಂಸಾರಕ್ಕೆ ಹೇಳಲಿಕ್ಕೆ. ಅದು ತಪ್ಪಿದರೆ ಆ ದಿನ ಹೆಚ್ಚುಕಡಿಮೆ ಮುಗಿದ ಹಾಗೇ.

ಇನ್ನೊಂದು ವಿಷಯ. ಅಸ್ಸಾಮಿನಲ್ಲಿ ಸೂರ್ಯ ಬೇಗ ಹುಟ್ಟುತ್ತಾನೆ. ಮಾರ್ಚ್ ಕೊನೆಗೆ ಐದೂಕಾಲಿಗೆಲ್ಲ ಬೆಳಕು. ಚಹಾ ತೋಟದವರು ಗಡಿಯಾರವನ್ನೇ ಒಂದು ಗಂಟೆ ಮುಂದಿಟ್ಟುಕೊಳ್ಳುತ್ತಾರೆ, ಅದಕ್ಕೆ 'ಬಾಗಾನ್ ಟೈಮ್' ಅಂತ ಹೆಸರು. ನಾನೂ ಆ ರಾತ್ರಿ ಕೈಗಡಿಯಾರ ತೋಟದ ಗಂಟೆಗೆ ತಿರುಗಿಸಿ ಮಲಗಿದೆ.

ಎರಡನೇ ದಿನ ಬೆಳಕು ಹರಿಯುವಾಗಲೇ ಕಾಡಿನ ಬಾಗಿಲಲ್ಲಿದ್ದೆವು. ರಾತ್ರಿ ಮಳೆ ಬಂದಿತ್ತು. ಉಂಬಳ ಎದ್ದಿದ್ದವು. ಕಾಲುಚೀಲದ ಒಳಗೆ ಪ್ಯಾಂಟ್ ತುರುಕಿ, ಮೇಲೆ ಉಪ್ಪು ಬೆರೆಸಿದ ಹೊಗೆಸೊಪ್ಪಿನ ನೀರು ಹಚ್ಚಿಕೊಂಡೆ. ಮಲೆನಾಡಿನ ಮದ್ದು ಅಲ್ಲೂ ನಡೆಯಿತು. ದಾದಾ ಒಂದು ಕಡೆ ನಿಲ್ಲಿಸಿದರು. ನಡೆಯುವುದು ಬೇಡ, ನಿಂತೇ ಇರಿ ಅಂದರು.

ಅರ್ಧ ಗಂಟೆಗೂ ಜಾಸ್ತಿ ನಿಂತೆವು. ಆಮೇಲೆ ದೂರದಲ್ಲಿ "ಹೂಕ್ಕು... ಹೂಕ್ಕು..." ಒಂದು ದನಿ. ಅದರ ಮೇಲೆ ಇನ್ನೊಂದು ಏರಿತು. ನೋಡನೋಡುತ್ತಾ ಎರಡೂ ಸೇರಿ ಕಾಡು ತುಂಬಿಕೊಂಡವು. ನನಗೆ ಮೈ ಜುಮ್ಮೆಂದಿತು. ಓಡಬೇಕು ಅನ್ನಿಸಿತು. ದಾದಾ ತೋಳು ಹಿಡಿದು ತಡೆದರು. ದನಿ ಬರುವ ಕಡೆಗೇ ನುಗ್ಗಿದರೆ ಅವು ಹಾಡು ನಿಲ್ಲಿಸಿ ಹೊರಟುಬಿಡುತ್ತವಂತೆ. ಸುತ್ತು ಹಾಕಿ, ಹತ್ತಿರದ ಒಂದು ಆಲದ ಜಾತಿಯ ಮರದ ಬಳಿ ಮೊದಲೇ ಹೋಗಿ ಕೂತೆವು. ಹಣ್ಣು ಬಿಟ್ಟಿತ್ತು. ಹಾಡು ಮುಗಿದ ಮೇಲೆ ಹಸಿವು ತಾನೇ?

ಬಂದವು. ಮೊದಲು ಗಂಡು, ಕಡುಕಪ್ಪು, ಹುಬ್ಬು ಮಾತ್ರ ಬೆಳ್ಳಗೆ, ಸುಣ್ಣದಲ್ಲಿ ಎಳೆದ ಹಾಗೆ. ಹಿಂದೆ ಹೆಣ್ಣು, ಒಣಹುಲ್ಲಿನ ಬಣ್ಣ. ಅವಳ ಹೊಟ್ಟೆಗೆ ಬಿಳಿಚಿಕೊಂಡ ಒಂದು ಮರಿ ಸೊಂಟಪಟ್ಟಿಯ ಹಾಗೆ ಸುತ್ತಿಕೊಂಡಿತ್ತು. ಮರಿ ಹುಟ್ಟುವಾಗ ಬಿಳಿಚು, ಆಮೇಲೆ ಕಪ್ಪಾಗುತ್ತದೆ. ಹೆಣ್ಣಾದರೆ ಪ್ರಾಯಕ್ಕೆ ಬರುವಾಗ ಮತ್ತೆ ಬಣ್ಣ ತಿರುಗುತ್ತದೆ.

ಬೈನಾಕ್ಯುಲರ್‌ನಲ್ಲಿ ನಾನು ನೋಡುತ್ತಾ ಉಳಿದದ್ದು ಅವಳ ಕೈ. ಕೊಂಬೆಯನ್ನು ಹಿಡಿಯುವುದೇ ಇಲ್ಲ, ಉದ್ದನೆಯ ನಾಲ್ಕು ಬೆರಳನ್ನು ಕೊಕ್ಕೆಯ ಹಾಗೆ ಮೇಲಿಂದ ಸಿಕ್ಕಿಸುತ್ತಾಳೆ, ಅಷ್ಟೆ. ಹೆಬ್ಬೆರಳು ಬದಿಗೆ. ಒಂದು ಕೈ ಬಿಡುತ್ತಾಳೆ, ಮೈ ತೂಗಿಕೊಂಡು ಹೋಗಿ ಇನ್ನೊಂದು ಕೈ ಮುಂದಿನ ಕೊಂಬೆಗೆ ಬೀಳುತ್ತದೆ. ಎಲೆ ಕೂಡ ಸರಿಯಾಗಿ ಅಲುಗುವುದಿಲ್ಲ. ನಡುವೆ ನಿಂತು ಒದ್ದೆ ಎಲೆಯೊಂದನ್ನು ಬಾಯಿಗೆಳೆದು ನೆಕ್ಕಿದಳು. ನೀರಿಗೂ ನೆಲಕ್ಕೆ ಇಳಿಯಬೇಕಿಲ್ಲ.

ಸುಮಾರು ಇಪ್ಪತ್ತು ನಿಮಿಷ ಸಿಕ್ಕಿತು. ಫೋಟೋ ಐದಾರು ತೆಗೆದು ಕ್ಯಾಮೆರಾ ಚೀಲಕ್ಕೆ ಹಾಕಿದೆ. ಹೋಗುವವರಿಗೆ ಒಂದು ಕೇಳಿಕೆ: ಫೋನಿನಲ್ಲಿ ಅವುಗಳ ಕೂಗು ಹಾಕಿ ಕರೆಯಬೇಡಿ. ಬೇರೆ ಸಂಸಾರ ನುಗ್ಗಿತು ಅಂತ ಅವು ಗಾಬರಿಯಾಗುತ್ತವೆ. ನೆಗಡಿ ಕೆಮ್ಮು ಇದ್ದರೆ ಆ ದಿನ ಹೋಗಲೇಬೇಡಿ. ನಮ್ಮ ಕಾಯಿಲೆ ಅವಕ್ಕೆ ಅಂಟುತ್ತದೆ, ಅಷ್ಟು ಹತ್ತಿರದ ನೆಂಟರು ಅವು. ಕಡಿಮೆ ಅಂದರೆ ಎರಡು ಬೆಳಗು ಇಟ್ಟುಕೊಳ್ಳಿ.

ವಾಪಸ್ ಬರುವಾಗ ದಾದಾ ರೈಲು ಹಳಿಯ ಹತ್ತಿರ ಕರೆದೊಯ್ದರು. ಬ್ರಿಟಿಷರ ಕಾಲದ ದಾರಿ, ಕಾಡನ್ನು ಎರಡಾಗಿ ಸೀಳಿದೆ. ಒಂದು ಕಡೆ ದೊಡ್ಡ ಭಾಗ, ಇನ್ನೊಂದು ಕಡೆ 150 ಹೆಕ್ಟೇರ್ ಆಸುಪಾಸಿನ ಚೂರು. ಹಳಿಯ ಮೇಲೆ ಆಕಾಶ ಪೂರ್ತಿ ತೆರೆದಿತ್ತು. ಮಂಗ ಆದರೆ ಇಳಿದು ದಾಟುತ್ತದೆ. ಕೈಯಲ್ಲೇ ನಡೆಯುವ ಗಿಬ್ಬನ್‌ಗೆ ಆ ನಾಲ್ಕು ಮಾರು ಖಾಲಿ ಜಾಗವೇ ಗೋಡೆ. ಚೂರಿನಲ್ಲಿ ಬೆಳೆದ ಮರಿ ಪ್ರಾಯಕ್ಕೆ ಬಂದರೆ ಜೋಡಿ ಹುಡುಕಿಕೊಂಡು ಎಲ್ಲಿಗೆ ಹೋಗಬೇಕು? ಅಲ್ಲಿ ನಿಂತು ನನಗೆ ನಿಜಕ್ಕೂ ಹೊಟ್ಟೆ ಉರಿಯಿತು. ಎರಡೂ ಬದಿಯ ಮರಗಳು ಮೇಲೆ ಕೈ ಕೂಡಿಸಲಿ, ಇಲ್ಲವೇ ಅವು ಒಪ್ಪುವಂಥ ಹಗ್ಗದ ಸೇತುವೆಯಾದರೂ ಬೇಕು.

ಒಂದು ಗೂಡ್ಸ್ ಗಾಡಿ ಹೋಯಿತು. ನೆಲ ನಡುಗಿತು. ಸದ್ದು ಅಡಗಿದ ಮೇಲೆ ದೊಡ್ಡ ಕಾಡಿನಿಂದ ಒಂದು ತಡವಾದ ಕೂಗು ಎದ್ದಿತು. ಹಳಿಯ ಈಚೆ ಕಡೆಯಿಂದ ಒಂದು ದನಿ ಮರುಕೂಗು ಕೊಟ್ಟಿತು. ದಾದಾ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು, ಅದು ಮುಗಿಯುವವರೆಗೂ ಅಲ್ಲೇ ನಿಂತಿದ್ದರು.